ವಾರದ ಎಣ್ಣೆನೀರು: ಇಡೀ ಕುಟುಂಬದ ಆರೋಗ್ಯ ನೇಮ

ನಮ್ಮ ನಾಡಿನ ಮನೆಗಳಲ್ಲಿ ಎಣ್ಣೆಸ್ನಾನವು ಹೊಸದಾಗಿ ಕಲಿಸಬೇಕಾದ ವಿಷಯವಲ್ಲ. ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆಯನ್ನು ತೊಳೆದು, ಹಂಡೆಯನ್ನು ಬೆಳಗಿ, ನೀರು ತುಂಬುವ ಹಬ್ಬವನ್ನು ಆಚರಿಸುವುದು ಎಲ್ಲರಿಗೂ ತಿಳಿದ ಪದ್ಧತಿಯಾಗಿದೆ. ಮರುದಿನ ನಸುಕಿನಲ್ಲಿ ಮನೆಯವರೆಲ್ಲರೂ ಎಣ್ಣೆ ಹಚ್ಚಿಕೊಂಡು ಬಿಸಿನೀರಿನಲ್ಲಿ ಮೀಯುತ್ತಾರೆ. ಯುಗಾದಿಯಂದೂ ಹಾಗೆಯೇ. ಆದರೆ ವರ್ಷಕ್ಕೆ ಎರಡು ಬಾರಿ ನಡೆಯುವುದು ಆಚರಣೆಯೆನಿಸುತ್ತದೆಯೇ ಹೊರತು ಅಭ್ಯಾಸವೆನಿಸುವುದಿಲ್ಲ. ದಿನವೂ ಮಾಡುವ ಸ್ನಾನದ ಜೊತೆಗೆ, ವಾರಕ್ಕೊಮ್ಮೆ ಕುಟುಂಬದ ಪ್ರತಿಯೊಬ್ಬರಿಗೂ ಎಣ್ಣೆನೀರು ದೊರೆಯುವಂತೆ ಮಾಡುವುದು ಹೇಗೆ, ಅದರಲ್ಲಿ ಯಾವುದು ಹಿತ, ಯಾವುದು ಅಪಾಯ ಎಂಬುದನ್ನು ದಂಪತಿಗಳು ಅರಿತಿರುವುದು ಅವಶ್ಯ.

ಸ್ನಾನದಿಂದ ದೇಹಕ್ಕಾಗುವ ಪ್ರಯೋಜನ

ಬಿಸಿನೀರು ಮೈಮೇಲೆ ಬಿದ್ದಾಗ ಚರ್ಮದಡಿಯ ರಕ್ತನಾಳಗಳು ಹಿಗ್ಗುತ್ತವೆ. ದುಡಿದು ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ. ನಿದ್ರೆ ಸುಖವಾಗಿ ಬರುತ್ತದೆ. ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯನ್ನು ತಿಕ್ಕಿಕೊಳ್ಳುವುದರಿಂದ ಚಳಿಗಾಲದಲ್ಲಿ ಚರ್ಮ ಒಡೆಯುವುದು ಕಡಿಮೆಯಾಗುತ್ತದೆ. ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟುಗಳು ಎಣ್ಣೆಯೊಡನೆ ಮೈಯ ಕೊಳೆಯನ್ನೂ ತೆಗೆಯುತ್ತವೆ.

ಆದರೆ ಸ್ನಾನವು ಔಷಧವಲ್ಲ. ಬೆವರಿನ ಮುಖ್ಯ ಕೆಲಸ ದೇಹವನ್ನು ತಂಪುಗೊಳಿಸುವುದು. ಮೈಯಲ್ಲಿರುವ ರೋಗವೆಲ್ಲವೂ ಬೆವರಿನೊಡನೆ ಹೊರಟುಹೋಗುತ್ತದೆಂಬ ನಂಬಿಕೆ ಸರಿಯಲ್ಲ. ಕಜ್ಜಿಯಂತಹ ಅಂಟುರೋಗವಿದ್ದಲ್ಲಿ ಮನೆಯವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಜ್ವರವಿದ್ದಾಗ, ಹೃದ್ರೋಗವಿರುವವರಿಗೆ ಎದೆನೋವು ಕಾಣಿಸಿಕೊಂಡಾಗ, ಮದ್ಯಪಾನ ಮಾಡಿದಾಗ ಬಿಸಿ ಸ್ನಾನ ಸಲ್ಲದು. ಸಿಹಿಮೂತ್ರ ರೋಗದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ನೀರಿನ ಬಿಸಿ ತಿಳಿಯದೆ ಸುಟ್ಟಗಾಯವಾಗುವ ಸಂಭವವುಂಟು. ಅವರಿಗಾಗಿ ಮನೆಯ ಬೇರೊಬ್ಬರು ನೀರನ್ನು ಮುಟ್ಟಿ ನೋಡತಕ್ಕದ್ದು.

ಬಿಸಿ ಬೇಕು, ಹೊಗೆ ಬೇಡ

ದೂರದ ಫಿನ್ಲೆಂಡ್ ದೇಶದಲ್ಲಿ ಸೌನಾ ಎಂಬ ಬಿಸಿಕೋಣೆಯಲ್ಲಿ ಕುಟುಂಬದವರೆಲ್ಲ ಕುಳಿತು ಬೆವರಿ, ಬಳಿಕ ಮೀಯುವ ಪದ್ಧತಿಯಿದೆ. ಅಲ್ಲಿ ಶನಿವಾರದ ಸಂಜೆಯೇ ಇದಕ್ಕೆ ಮೀಸಲಾದ ಹೊತ್ತಾಗಿತ್ತು. ಹಿಂದಿನ ಕಾಲದಲ್ಲಿ ಹೆರಿಗೆಗಳೂ ಅದೇ ಕೋಣೆಯಲ್ಲಿ ಆಗುತ್ತಿದ್ದವು. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದೇಶದ ಹಳೆಯ ಬಗೆಯ ಸೌನಾಗಳಿಗೆ ಹೊಗೆಕೊಳವೆಯೇ ಇರಲಿಲ್ಲ. ಆದುದರಿಂದ ಅವರು ಗಂಟೆಗಟ್ಟಲೆ ಸೌದೆ ಉರಿಸಿ ಕಲ್ಲುಗಳನ್ನು ಕಾಯಿಸಿ, ಬೆಂಕಿ ಆರಿದ ಮೇಲೆ ಹೊಗೆಯನ್ನೆಲ್ಲ ಹೊರಗೆ ಬಿಟ್ಟು, ಅನಂತರವೇ ಒಳಗೆ ಕಾಲಿಡುತ್ತಿದ್ದರು. ಬಿಸಿಯನ್ನು ಉಳಿಸಿಕೊಂಡು ಹೊಗೆಯನ್ನು ಕಳೆಯುವ ಈ ವಿವೇಕವನ್ನು ನಮ್ಮ ಬಚ್ಚಲುಮನೆಗಳಲ್ಲಿಯೂ ಪಾಲಿಸಬೇಕು.

ಕಿಟಕಿ ಬಾಗಿಲುಗಳನ್ನು ಮುಚ್ಚಿದ ಕೋಣೆಯಲ್ಲಿ ಸೌದೆಯಾಗಲಿ, ಇದ್ದಿಲಾಗಲಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತಕ್ಕೆ ಅಂಟಿಕೊಳ್ಳುವುದರಿಂದ ದೇಹಕ್ಕೆ ಪ್ರಾಣವಾಯು ದೊರೆಯದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿಕೊಂಡು, ಮನುಷ್ಯನು ಕೂಗಿ ಕರೆಯುವ ಮುನ್ನವೇ ಪ್ರಜ್ಞೆ ತಪ್ಪಬಹುದು. ಹೊಗೆ ಕಾಣದಿದ್ದರೂ ಕೆಂಡವು ಈ ಅನಿಲವನ್ನು ಉಗುಳುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಆದಕಾರಣ ಹಂಡೆಯ ಒಲೆಯ ಬಾಯಿ ಬಚ್ಚಲುಮನೆಯ ಹೊರಗಿರುವಂತೆ ಕಟ್ಟಿಸುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಮಾಡಿನ ಮೇಲಕ್ಕೆ ಏರುವ ಹೊಗೆಕೊಳವೆಯೂ, ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿಯೂ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯು, ಸೌದೆಯನ್ನು ಉಳಿಸುತ್ತ ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ವಿಧಾನವನ್ನು ನಮ್ಮ ಹಳ್ಳಿಗಳಿಗೆ ತೋರಿಸಿಕೊಟ್ಟಿತು. ಹಸಿ ಸೌದೆಯನ್ನು ಬಳಸಬಾರದು. ಒಣ ಸೌದೆ ಕಡಿಮೆ ಹೊಗೆಯಲ್ಲಿ ಹೆಚ್ಚು ಕಾವು ಕೊಡುತ್ತದೆ. ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ ಅದನ್ನು ಸ್ನಾನಗೃಹದ ಹೊರಗೆ ಗಾಳಿಯಾಡುವ ಕಡೆ ಅಳವಡಿಸಬೇಕು. ನೀರಿನಲ್ಲಿ ಮುಳುಗಿಸುವ ವಿದ್ಯುತ್ ಕಾಯಿಲನ್ನು ಉಪಯೋಗಿಸುವವರು ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನು ಮುಟ್ಟತಕ್ಕದ್ದು.

ಯಾರಾದರೂ ಬಚ್ಚಲಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ ಬಾಗಿಲನ್ನು ಪೂರ್ತಿ ತೆರೆದು, ಅವರನ್ನು ಕೂಡಲೇ ಬಯಲಿನ ಗಾಳಿಗೆ ತಂದು, 108ಕ್ಕೆ ಕರೆಮಾಡಬೇಕು.

ನೀರಿನ ಬಿಸಿ ಎಷ್ಟಿರಬೇಕು?

ದೊಡ್ಡವರಿಗೆ 38ರಿಂದ 40 ಡಿಗ್ರಿ ಸೆಲ್ಸಿಯಸ್, ಎಳೆಯ ಮಕ್ಕಳಿಗೆ 37ರಿಂದ 38 ಡಿಗ್ರಿ ಸಾಕು. ಉಷ್ಣಮಾಪಕವಿಲ್ಲದವರು ಮೊಳಕೈಯನ್ನು ನೀರಿನಲ್ಲಿ ಅದ್ದಿ ನೋಡಲಿ. ಬೆಚ್ಚಗೆನಿಸಬೇಕೇ ಹೊರತು ಸುಡಬಾರದು. ಅಂಗೈಯನ್ನು ನಂಬಬಾರದು. ಕೆಲಸ ಮಾಡಿ ಗಡುಸಾದ ಅಂಗೈಗೆ ಬಿಸಿ ಬೇಗ ತಿಳಿಯುವುದಿಲ್ಲ.

60 ಡಿಗ್ರಿ ಬಿಸಿಯ ನೀರು ಸುಮಾರು 5 ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನೇ ಆಳವಾಗಿ ಸುಡಬಲ್ಲದು. ಮಕ್ಕಳ ತೆಳುವಾದ ಚರ್ಮಕ್ಕೆ ಅಷ್ಟು ಹೊತ್ತೂ ಬೇಕಿಲ್ಲ. ಆದುದರಿಂದ ಬಕೆಟ್ಟಿಗೆ ಮೊದಲು ತಣ್ಣೀರನ್ನು ಹಾಕಿ, ಬಳಿಕ ಬಿಸಿನೀರನ್ನು ಬೆರೆಸುವ ಅಭ್ಯಾಸವಿರಲಿ. ಕುದಿಯುವ ಹಂಡೆಯ ಬಳಿ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ನೀರು ಬಿದ್ದು ಸುಟ್ಟಲ್ಲಿ, ಸುಟ್ಟ ಭಾಗದ ಮೇಲೆ 20 ನಿಮಿಷಗಳವರೆಗೆ ಶುದ್ಧವಾದ ತಣ್ಣೀರನ್ನು ಹರಿಯಬಿಟ್ಟು ಆಸ್ಪತ್ರೆಗೆ ಒಯ್ಯಬೇಕು. ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು, ಮಂಜುಗಡ್ಡೆ ಇವು ಯಾವುವೂ ಕೂಡದು.

ಗರ್ಭಿಣಿ, ಬಾಣಂತಿ ಮತ್ತು ಶಿಶು

ಗರ್ಭಿಣಿಯು ಉಗುರುಬೆಚ್ಚಗಿನ ನೀರಿನಲ್ಲಿ ನಿತ್ಯವೂ ಮೀಯಬಹುದು. ಆದರೆ ಹಬೆ ತುಂಬಿದ ಕೋಣೆಯಲ್ಲಿ ಬಹಳ ಹೊತ್ತು ಕುಳಿತು ಮೈಕಾವು ಏರಿಸಿಕೊಳ್ಳಬಾರದು. ಮೊದಲ ಮೂರು ತಿಂಗಳಲ್ಲಿ ತಾಯಿಯ ಮೈಕಾವು 39 ಡಿಗ್ರಿಯನ್ನು ಮೀರಿದರೆ ಶಿಶುವಿನ ಮಿದುಳು ಮತ್ತು ಬೆನ್ನುಹುರಿಯ ಬೆಳವಣಿಗೆಯಲ್ಲಿ ದೋಷವುಂಟಾಗುವ ಸಂಭವ ಹೆಚ್ಚುತ್ತದೆ.

ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರೆರೆಯುವುದು ನಮ್ಮಲ್ಲಿ ಅಕ್ಕರೆಯ ಗುರುತು. ಹಿರಿಯರ ಈ ಆರೈಕೆ ತಾಯಿಗೆ ವಿಶ್ರಾಂತಿಯನ್ನೂ ಧೈರ್ಯವನ್ನೂ ಕೊಡುತ್ತದೆ. ಆದರೆ ಸ್ನಾನದ ತರುವಾಯ ಕಿಟಕಿಗಳನ್ನು ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ಸಾಂಬ್ರಾಣಿಯ ಹೊಗೆಯಲ್ಲಿ ತಾಯಿಮಕ್ಕಳನ್ನು ಮಲಗಿಸುವ ರೂಢಿಯನ್ನು ಬಿಡಲೇಬೇಕು. ಹಸುಗೂಸಿನ ಪುಟ್ಟ ಶ್ವಾಸಕೋಶಗಳಿಗೆ ಆ ಹೊಗೆ ಹಾನಿಕರ. ಕೆಂಡದಿಂದ ಹೊರಡುವ ಅನಿಲವು ಇಬ್ಬರ ಪ್ರಾಣಕ್ಕೂ ಎರವಾಗಬಹುದು. ಒಣಗಿದ ಬಟ್ಟೆ, ಹೊದಿಕೆ, ತಾಯಿಯ ಮೈಸೋಕು ಇವು ಮಗುವನ್ನು ಬೆಚ್ಚಗಿಡಲು ಸಾಕು. ಶಸ್ತ್ರಕ್ರಿಯೆಯ ಮೂಲಕ ಹೆರಿಗೆಯಾದವರು ಹೊಲಿಗೆಯ ಗಾಯಕ್ಕೆ ನೀರು ಸೋಕಿಸುವ ಮುನ್ನ ವೈದ್ಯರ ಸಲಹೆ ಪಡೆಯಬೇಕು.

ಹುಟ್ಟಿದ ಮಗುವಿಗೆ ಮೊದಲ 24 ಗಂಟೆಗಳವರೆಗೆ ಸ್ನಾನ ಬೇಡ. ಮೈ ತಣ್ಣಗಾಗುವುದು ಕೂಸಿಗೆ ಅಪಾಯಕರ. ತೂಕ ಕಡಿಮೆಯಿರುವ ಮಗುವಿಗೆ ವೈದ್ಯರು ಹೇಳುವವರೆಗೂ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆಯನ್ನು ಮೈಗೆ ಮೃದುವಾಗಿ ತಿಕ್ಕಬಹುದು. ಮೂಗು, ಕಿವಿ, ಕಣ್ಣುಗಳಿಗೆ ಮಾತ್ರ ಹಾಕಬಾರದು. ಮೂಗಿಗೆ ಹಾಕಿದ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಲ್ಲದು. ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯನ್ನು ಈ ವಿಷಯದಲ್ಲಿ ಸಂಕೋಚವಿಲ್ಲದೆ ಕೇಳಿರಿ.

ಪತಿಯು ತಿಳಿದಿರಬೇಕಾದ ಸಂಗತಿ

ಪುರುಷರ ವೃಷಣಗಳು ದೇಹದ ಕಾವಿಗಿಂತ 2ರಿಂದ 4 ಡಿಗ್ರಿ ಕಡಿಮೆ ಕಾವಿನಲ್ಲಿ ಸರಿಯಾಗಿ ಕೆಲಸ ಮಾಡುತ್ತವೆ. ವಾರದ ಸ್ನಾನದಿಂದ ಯಾವ ಬಾಧಕವೂ ಇಲ್ಲ. ಆದರೆ ದಿನವೂ ಬಹಳ ಹೊತ್ತು ಬಿಸಿನೀರಿನ ತೊಟ್ಟಿಯಲ್ಲಿ ಕುಳಿತರೆ ವೀರ್ಯಾಣುಗಳು ತಾತ್ಕಾಲಿಕವಾಗಿ ಕಡಿಮೆಯಾಗಬಹುದು. ಮತ್ತೆ ಮೊದಲಿನಂತಾಗಲು ಎರಡೂವರೆ ಮೂರು ತಿಂಗಳು ಹಿಡಿಯುತ್ತದೆ. ಸಂತಾನಾಪೇಕ್ಷೆಯುಳ್ಳವರು ಇದನ್ನು ಗಮನಿಸಲಿ. ಹಾಗೆಂದು ಬಿಸಿನೀರನ್ನು ಗರ್ಭನಿರೋಧದ ಉಪಾಯವೆಂದು ಎಂದಿಗೂ ಭಾವಿಸಬಾರದು. ಮಕ್ಕಳ ನಡುವೆ ಅಂತರ ಬಯಸುವ ದಂಪತಿಗಳಿಗೆ ನಿರೋಧ್, ಮಾತ್ರೆ, ಕಾಪರ್-ಟಿ ಮುಂತಾದ ಸಾಧನಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ನೇಮವಾಗುವುದು ಹೇಗೆ?

ಮನೆಗೆ ಅನುಕೂಲವಾದ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿರಿ. ಹಿಂದಿನ ದಿನ ಹಂಡೆ, ತೊಟ್ಟಿ, ಕೊಳಗಗಳನ್ನು ಬರಿದುಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿ ಮುಚ್ಚಿಡಿರಿ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ನಿಂತ ನೀರಿನ ಪಾತ್ರೆಯ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ತಿಕ್ಕಿ ತೊಳೆದರೆ ಅದರ ಸಂತಾನ ಅಲ್ಲಿಯೇ ನಿಲ್ಲುತ್ತದೆ. ಬಚ್ಚಲ ನೀರು ಅಂಗಳದಲ್ಲಿ ನಿಲ್ಲದೆ ಬಾಳೆ, ತೆಂಗಿನ ಬುಡಕ್ಕಾಗಲಿ ಇಂಗುಗುಂಡಿಗಾಗಲಿ ಹರಿಯಲಿ. ಎಣ್ಣೆಯ ಜಿಡ್ಡಿಗೆ ಹಿರಿಯರು ಜಾರಿ ಬೀಳದಂತೆ ನೆಲದ ಕಲ್ಲು ತರಿತರಿಯಾಗಿರಲಿ. ಸ್ನಾನದ ಬಳಿಕ ನೀರನ್ನೋ ಮಜ್ಜಿಗೆಯನ್ನೋ ಕುಡಿಯುವುದು ಹಿತಕರ.

ಇನ್ನೊಂದು ಮಾತು ಮುಖ್ಯವಾದುದು. ನೀರು ಹೊತ್ತು, ಒಲೆ ಉರಿಸಿ, ಅತ್ತೆಮಾವಂದಿರಿಗೂ ಮಕ್ಕಳಿಗೂ ಪತಿಗೂ ಎರೆದು ಮುಗಿಸುವಷ್ಟರಲ್ಲಿ ಹಂಡೆ ಬರಿದಾಗಿ, ಗೃಹಿಣಿಯು ತಣ್ಣೀರನ್ನೇ ಮೈಮೇಲೆ ಸುರಿದುಕೊಳ್ಳುವುದು ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ಅತಿ ಹೆಚ್ಚು ಹೊಗೆ ಕುಡಿಯುವವಳೂ ಅವಳೇ. ಪತಿಯು ಸೌದೆ ಒಡೆದು, ನೀರು ಸೇದಿ, ಮಕ್ಕಳಿಗೆ ಎಣ್ಣೆ ಹಚ್ಚುವ ಹೊಣೆಯನ್ನು ವಹಿಸಿಕೊಂಡರೆ ಪತ್ನಿಗೂ ಬಿಸಿನೀರು, ಬಿಡುವು ಎರಡೂ ದೊರೆಯುತ್ತವೆ. ಮುಟ್ಟಿನ ದಿನಗಳಲ್ಲಿಯೂ ಆಕೆ ಬಿಸಿನೀರಿನಲ್ಲಿ ಮೀಯುವುದರಿಂದ ಯಾವ ಕೆಡುಕೂ ಇಲ್ಲ. ಹೊಟ್ಟೆನೋವು ಶಮನವಾಗುವುದೂ ಉಂಟು.

ಹಂಡೆಯ ನೀರು ಮನೆಯ ಕಟ್ಟಕಡೆಯವರಿಗೂ ಬೆಚ್ಚಗೆ ಉಳಿಯಲಿ. ಒಲೆಯ ಹೊಗೆ ಯಾರೊಬ್ಬರ ಎದೆಗೂ ಇಳಿಯದಿರಲಿ. ಈ ಎರಡು ಮಾತುಗಳನ್ನು ಪತಿಪತ್ನಿಯರು ಒಟ್ಟಾಗಿ ನಡೆಸಿಕೊಂಡು ಬಂದಲ್ಲಿ ವಾರದ ಎಣ್ಣೆನೀರು ಕುಟುಂಬದ ಕ್ಷೇಮಕ್ಕೆ ನಿಜವಾದ ಸಾಧನವಾಗುವುದು.