ಕಾರ್ಖಾನೆಗೆ ಕಂದಾಯ ಮಾಫಿ: ಊರಿಗೆ ಉಳಿಯುವುದೇನು?

ಶಿವಮೊಗ್ಗೆಯಿಂದ ಸಾಗರದ ಹಾದಿಯಲ್ಲಿ ಸುಮಾರು ಹತ್ತು ಕಿಲೋಮೀಟರು ನಡೆದರೆ ತ್ಯಾವರೆಕೊಪ್ಪ. 1988ರಲ್ಲಿ ಹುಲಿ-ಸಿಂಹಗಳ ಧಾಮ ಸ್ಥಾಪನೆಯಾದಂದಿನಿಂದ ಮಕ್ಕಳಿರುವ ಮನೆಯವರಿಗೆಲ್ಲ ಇದು ಪರಿಚಿತವಾದ ಸ್ಥಳ. ರಜೆಯ ದಿನಗಳಲ್ಲಿ ಇಲ್ಲಿಗೆ ಬರುವ ಸಂಸಾರಗಳನ್ನು ಮಾತನಾಡಿಸಿ ನೋಡಿ. ಹುಲಿಯ ಮಾತು ಮುಗಿಯುವುದರೊಳಗೆ ಬೆಂಗಳೂರಿನಲ್ಲಿರುವ ಮಗನ ಮಾತೋ ಮಗಳ ಮಾತೋ ಬಂದೇ ಬರುತ್ತದೆ. ಊರಿನಲ್ಲಿ ನಾಲ್ಕು ಉದ್ಯಮಗಳಿದ್ದರೆ ಅವರೇಕೆ ಅಷ್ಟು ದೂರ ಹೋಗಬೇಕಾಗಿತ್ತು ಎಂಬ ನಿಟ್ಟುಸಿರೂ ಅದರ ಹಿಂದೆಯೇ ಬರುತ್ತದೆ. ಹೊಸ ಉದ್ಯಮಗಳಿಗೆ ಕೆಲವು ವರ್ಷ ಆಸ್ತಿ ತೆರಿಗೆಯನ್ನು ಬಿಟ್ಟುಕೊಟ್ಟರೆ ಅವು ತಾವಾಗಿ ಬಂದಾವು ಎಂಬ ಸಲಹೆ ಹುಟ್ಟುವುದು ಈ ನಿಟ್ಟುಸಿರಿನಿಂದಲೇ.

ಸಲಹೆಯೇನೋ ಆಕರ್ಷಕವಾಗಿದೆ. ಆದರೆ ಈ ಸೀಮೆಯ ಚರಿತ್ರೆಯನ್ನು ಬಲ್ಲವರು ಅದನ್ನು ಒಡನೆಯೇ ಒಪ್ಪಲಾರರು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಗೆ ಕಬ್ಬಿಣದ ಕಾರ್ಖಾನೆಯನ್ನು ಕರೆತಂದದ್ದು ಮನೆಕಂದಾಯದ ರಿಯಾಯಿತಿಯಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಮೈಸೂರು ಸರ್ಕಾರವೇ ಅದನ್ನು ಕಟ್ಟಿಸಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಾಗ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಈ ಮೂರೂ ಒಂದೆಡೆ ಕೂಡಿದ್ದವು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಗೂ ನದಿ ಮತ್ತು ಕಾಡುಗಳೇ ಬಂಡವಾಳ. ಅದಕ್ಕೆ ಮರ ಬೆಳೆಸಿಕೊಳ್ಳಲೆಂದು 1980ರಲ್ಲಿ ವಿಸ್ತಾರವಾದ ಅರಣ್ಯಭೂಮಿಯನ್ನು ನಲವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟದ್ದೂ ಉಂಟು. ಇದಕ್ಕಿಂತ ದೊಡ್ಡ ಔದಾರ್ಯವನ್ನು ಯಾವ ನಗರಸಭೆ ತಾನೆ ತೋರಿಸಬಲ್ಲುದು? ಹಾಗಿದ್ದೂ ಕಾಗದದ ಯಂತ್ರಗಳು 2010ರ ದಶಕದ ನಡುವಿನಲ್ಲಿ ನಿಂತುಹೋದವು. ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ಕೆಲಸವಾರಂಭಿಸಿದವು. ಉಕ್ಕಿನ ಕಾರ್ಖಾನೆಯನ್ನು ಬಾಧಿಸಿದ್ದು ಸ್ವಂತ ಗಣಿಯ ಕೊರತೆ, ಹಳೆಯ ಯಂತ್ರಗಳು, ಹೊಸ ಬಂಡವಾಳದ ಅಭಾವ. ಅದರ ಸಂಕಟಗಳ ಪಟ್ಟಿಯಲ್ಲಿ ಆಸ್ತಿ ತೆರಿಗೆಯನ್ನು ಹುಡುಕುವುದು ವ್ಯರ್ಥ.

ಕಾರ್ಖಾನೆಯ ಖರ್ಚಿನಲ್ಲಿ ಕಚ್ಚಾ ಸಾಮಗ್ರಿ, ಕೂಲಿ, ವಿದ್ಯುತ್ತು, ಸಾಗಾಣಿಕೆ ಇವು ದೊಡ್ಡ ಬಾಬುಗಳು. ಆಸ್ತಿ ತೆರಿಗೆ ಸಾಮಾನ್ಯವಾಗಿ ಚಿಕ್ಕದು. ನಗರಸಭೆಗಾದರೋ ಅದು ಸ್ವಂತ ವರಮಾನದ ಬೆನ್ನೆಲುಬು. ಬೀದಿಯ ದೀಪಕ್ಕೂ ಚರಂಡಿಗೂ ಕಸ ಸಾಗಿಸುವ ಲಾರಿಗೂ ಹಣ ಬರಬೇಕಾದದ್ದು ಅಲ್ಲಿಂದ. ಕೊಡುವವನಿಗೆ ಭಾರಿಯಾದದ್ದು ಪಡೆಯುವವನಿಗೆ ಹಗುರ. ಈ ವ್ಯಾಪಾರದ ವಿಚಿತ್ರವೇ ಇದು.

ಅಮೆರಿಕದಲ್ಲಿ ಈ ಬಗೆಯ ಹರಾಜು ಬಹುಕಾಲದಿಂದ ನಡೆದುಬಂದಿದೆ. ಅಮೆಜಾನ್ ಸಂಸ್ಥೆ 2017ರಲ್ಲಿ ತನ್ನ ಎರಡನೆಯ ಕೇಂದ್ರಕ್ಕೆ ಸ್ಥಳ ಹುಡುಕಿದಾಗ 238 ಪ್ರಸ್ತಾಪಗಳು ಬಂದುವು. ಆಯ್ಕೆಯಾದ ಸ್ಥಳಗಳಲ್ಲಿ ಒಂದಾದ ನ್ಯೂಯಾರ್ಕ್ ಸುಮಾರು 300 ಕೋಟಿ ಡಾಲರುಗಳ ರಿಯಾಯಿತಿ ನೀಡಲು ಮುಂದಾಗಿತ್ತು. ಜನರ ವಿರೋಧ ಎದ್ದಿತು; 2019ರ ಫೆಬ್ರವರಿಯಲ್ಲಿ ಕಂಪೆನಿ ಹಿಂದೆ ಸರಿಯಿತು. ಟಿಮೊಥಿ ಬಾರ್ಟಿಕ್ ಎಂಬ ಅರ್ಥಶಾಸ್ತ್ರಜ್ಞರು ಇಂಥ ವಿಷಯದ ಹಲವು ಅಧ್ಯಯನಗಳನ್ನು ಪರಿಶೀಲಿಸಿ, ರಿಯಾಯಿತಿ ಪಡೆದ ನೂರು ಉದ್ಯಮಗಳಲ್ಲಿ ಅದರಿಂದಲೇ ಮನಸ್ಸು ಬದಲಿಸಿದವು 2ರಿಂದ 25 ಇರಬಹುದೆಂದು 2018ರಲ್ಲಿ ಅಂದಾಜು ಮಾಡಿದರು. ಉಳಿದವು ಹೇಗೂ ಬರುತ್ತಿದ್ದವು.

ಈ ಅಂದಾಜನ್ನು ನಮ್ಮ ಮನೆಯ ಲೆಕ್ಕಕ್ಕೆ ಇಳಿಸೋಣ. ತಲಾ ನೂರು ಜನರಿಗೆ ಕೆಲಸ ಕೊಡುವ ನಾಲ್ಕು ಕಾರ್ಖಾನೆಗಳು ಬಂದವೆಂದೂ, ಒಂದೊಂದಕ್ಕೂ ಐದು ವರ್ಷದಲ್ಲಿ 50 ಲಕ್ಷ ರೂಪಾಯಿ ತೆರಿಗೆ ಬಿಟ್ಟೆವೆಂದೂ ಇಟ್ಟುಕೊಳ್ಳಿ. ಕಾಗದದ ಮೇಲೆ ತಲೆಗೆ 50 ಸಾವಿರದ ವೆಚ್ಚದಲ್ಲಿ ಉದ್ಯೋಗ ದೊರೆತಂತೆ ಕಾಣುತ್ತದೆ. ಆದರೆ ರಿಯಾಯಿತಿಗಾಗಿಯೇ ಬಂದದ್ದು ಒಂದೇ ಆಗಿದ್ದರೆ, ಎರಡು ಕೋಟಿ ಕೊಟ್ಟು ನೂರು ಕೆಲಸ ಕೊಂಡಂತಾಯಿತು. ಒಂದೊಂದಕ್ಕೆ ಎರಡು ಲಕ್ಷ! ಅದು ಮಗನನ್ನು ಊರಿನಲ್ಲಿ ಉಳಿಸುವ ಕೆಲಸವಾದರೆ ಕೊಡಬಹುದೆಂದು ವಾದಿಸುವವರನ್ನು ನಾನು ಅಲ್ಲಗಳೆಯಲಾರೆ. ಬೆಲೆಯನ್ನು ತಿಳಿದು ಕೊಡಬೇಕೆಂಬುದಷ್ಟೇ ನನ್ನ ವಾದ. ವರ್ಷಾರಂಭದಲ್ಲೇ ಕಂದಾಯ ಕಟ್ಟಿ ಶೇಕಡಾ 5ರ ರಿಯಾಯಿತಿ ಪಡೆದು ಹಿಗ್ಗುವ ಗೃಹಸ್ಥರಿಗೆ ಈ ಲೆಕ್ಕ ಕೇಳುವ ಹಕ್ಕಿದೆ.

ನಗರಸಭೆ ಬಯಸಿದ ಮಾತ್ರಕ್ಕೆ ತೆರಿಗೆ ಬಿಡಲು ಬಾರದೆಂಬುದೂ ನೆನಪಿರಲಿ. ಅದರ ಮಿತಿಗಳನ್ನು ರಾಜ್ಯದ ಶಾಸನ ಕಟ್ಟಿದೆ. ಮುದ್ರಾಂಕ ಶುಲ್ಕ, ವಿದ್ಯುತ್ ಸುಂಕ ಮುಂತಾದ ವಿನಾಯಿತಿಗಳನ್ನು ಸರ್ಕಾರದ ಕೈಗಾರಿಕಾ ನೀತಿಯೇ ಕೊಡುತ್ತ ಬಂದಿದೆ. ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿಗಳಲ್ಲಿ ಕಟ್ಟಿದ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದೂ ಉದ್ಯಮಗಳಿಗೆ ಕೊಟ್ಟ ಒಂದು ಆಹ್ವಾನಪತ್ರಿಕೆಯೇ. ಒಂದು ಕಾರ್ಖಾನೆ ಹೋದರೂ ನಿಲ್ದಾಣ ಇನ್ನೊಂದಕ್ಕೆ ಉಳಿಯುತ್ತದೆ; ಬಿಟ್ಟುಕೊಟ್ಟ ಕಂದಾಯ ಹಾಗೆ ಉಳಿಯುವುದಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಇನ್ನೊಂದು ಹಾದಿ ಹಿಡಿದಿದೆ. ಅಲ್ಲಿನ ಕೈಗಾರಿಕೆಗಳಿಗೆ 2013ರಲ್ಲಿ ಪ್ರತ್ಯೇಕ ಪ್ರಾಧಿಕಾರವೊಂದು ಏರ್ಪಟ್ಟಿತು. ಕಂಪೆನಿಗಳು ತೆರಿಗೆಯನ್ನು ಕಟ್ಟುತ್ತವೆ. ಅದರ ಹೆಚ್ಚಿನ ಪಾಲು ಅಲ್ಲಿಯದೇ ರಸ್ತೆ, ದೀಪ, ನೀರುಗಳಿಗೆ ವಿನಿಯೋಗವಾಗಿ ಶೇಕಡಾ 30ರಷ್ಟು ಸುತ್ತಲಿನ ಪಂಚಾಯಿತಿಗಳಿಗೆ ಸಲ್ಲುತ್ತದೆ. ಮಾಫಿಯ ಬದಲು, ಕೊಟ್ಟ ಹಣ ಕಣ್ಣೆದುರಿಗೇ ಕೆಲಸ ಮಾಡುವುದನ್ನು ನೋಡುವ ಸಮಾಧಾನ. ಶಿವಮೊಗ್ಗ-ಭದ್ರಾವತಿಗಳ ನಡುವೆ ಹೆದ್ದಾರಿಯ ಬದಿಯಲ್ಲಿರುವ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಇಂಥದೊಂದು ಏರ್ಪಾಡು ಒಪ್ಪೀತೇ ಎಂಬುದನ್ನು ಎರಡೂ ಊರುಗಳ ಹಿರಿಯರು ಒಟ್ಟಿಗೆ ಕುಳಿತು ಯೋಚಿಸಬಹುದು. ಅಲ್ಲಿ ದುಡಿಯುವವರು ಸಂಜೆ ಮರಳುವುದು ಎರಡೂ ಊರುಗಳ ಬೀದಿಗಳಿಗೆ.