ತಾರೆಯರ ಜಾತ್ರೆ, ಊರಿನ ಕಿರ್ದಿ

ಊರಿನಲ್ಲಿ ಜಾತ್ರೆ ನೆರೆದಾಗ ತೇರು ಎಳೆದವರಿಗೆ ಪುಣ್ಯ, ಅಂಗಡಿ ಹೂಡಿದವರಿಗೆ ವ್ಯಾಪಾರ. ನೆಲಬಾಡಿಗೆ ಯಾರಿಗೆ ಸಂದಾಯವಾಯಿತು, ಚಪ್ಪರದ ಖರ್ಚನ್ನು ಯಾರು ಹೊತ್ತರು ಎಂಬುದನ್ನು ಮರುದಿನ ವಿಚಾರಿಸುವವರು ವಿರಳ. ಭಾರತೀಯ ಚಲನಚಿತ್ರ ಪ್ರಶಸ್ತಿಗಳ ಸಮಾರಂಭಗಳನ್ನು ವಿದೇಶಗಳಲ್ಲಿ ಏರ್ಪಡಿಸುವ ಪರಿಪಾಠ ಆರಂಭವಾಗಿ ಎರಡೂವರೆ ದಶಕಗಳು ಸಂದಿವೆ. ಯಾವ ನಟನಿಗೆ ಯಾವ ಪ್ರಶಸ್ತಿ ದೊರೆಯಿತೆಂಬುದನ್ನು ದಿನಪತ್ರಿಕೆಗಳು ಸವಿವರವಾಗಿ ವರದಿ ಮಾಡುತ್ತ ಬಂದಿವೆ. ಆತಿಥ್ಯ ವಹಿಸಿದ ಊರು ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬ ಪ್ರಶ್ನೆಯನ್ನು ವರ್ತಕರಾದ ನಾವು ಕೇಳಿಕೊಳ್ಳುವುದು ಉಚಿತ.

2000ದ ಜೂನ್ 24ರಂದು ಲಂಡನ್ನಿನ ಮಿಲೇನಿಯಂ ಡೋಮ್‌ನಲ್ಲಿ ಮೊದಲ ‘ಐಫಾ’ ಸಮಾರಂಭ ಜರುಗಿತು. ಇದರ ರೂವಾರಿ ಸರ್ಕಾರವಲ್ಲ, ನಿರ್ಮಾಪಕರ ಸಂಘವೂ ಅಲ್ಲ. 1988ರಲ್ಲಿ ಮುಂಬಯಿಯಲ್ಲಿ ಆರಂಭವಾದ ವಿಜ್‌ಕ್ರಾಫ್ಟ್ ಎಂಬ ಕಾರ್ಯಕ್ರಮ ನಿರ್ವಹಣಾ ಸಂಸ್ಥೆ. ಆ ಹೊತ್ತಿಗೆ ಕಾಲವೂ ಅನುಕೂಲಕರವಾಗಿತ್ತು. 1998ರಲ್ಲಿ ಕೇಂದ್ರ ಸರ್ಕಾರ ಚಲನಚಿತ್ರರಂಗಕ್ಕೆ ಉದ್ಯಮದ ಮಾನ್ಯತೆ ನೀಡಿತ್ತು. ಅಲ್ಲಿಯವರೆಗೆ ಖಾಸಗಿ ಲೇವಾದೇವಿಗಾರರ ಭಾರೀ ಬಡ್ಡಿಯನ್ನೇ ನೆಚ್ಚಿಕೊಂಡಿದ್ದ ನಿರ್ಮಾಪಕರಿಗೆ ಬ್ಯಾಂಕುಗಳ ಬಾಗಿಲು ತೆರೆಯತೊಡಗಿತ್ತು. ಬ್ರಿಟನ್, ಅಮೆರಿಕ ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಅನಿವಾಸಿ ಭಾರತೀಯರು ಟಿಕೆಟ್ಟಿಗೆ ಪೌಂಡ್, ಡಾಲರ್, ದಿರ್ಹಮ್‌ಗಳಲ್ಲಿ ಹಣ ತೆರುತ್ತಿದ್ದರು. ಗಿರಾಕಿಯಿರುವಲ್ಲಿಗೇ ಅಂಗಡಿಯನ್ನು ಒಯ್ಯುವುದು ಹಳೆಯ ವ್ಯಾಪಾರನೀತಿಯೇ ಸರಿ.

ಇಂಥ ಸಮಾರಂಭಕ್ಕೆ ಆದಾಯದ ಮೂಲಗಳು ಹಲವು. ಟಿಕೆಟ್ ಮಾರಾಟ, ಪ್ರಾಯೋಜಕರು, ದೂರದರ್ಶನ ಪ್ರಸಾರದ ಹಕ್ಕು, ಇವು ಎಲ್ಲರಿಗೂ ತಿಳಿದವು. ಕಣ್ಣಿಗೆ ಬೀಳದ ನಾಲ್ಕನೆಯದೊಂದಿದೆ. ಅದು ಆತಿಥೇಯ ಸರ್ಕಾರ ಅಥವಾ ಪ್ರವಾಸೋದ್ಯಮ ಮಂಡಳಿಯ ನೆರವು. ಊರೂರು ಸುತ್ತುವ ಪದ್ಧತಿಯ ಗುಟ್ಟು ಇಲ್ಲಿಯೇ ಇದೆಯೆಂದು ಈ ಲೇಖಕನ ಎಣಿಕೆ. ಒಂದೇ ಊರಿನಲ್ಲಿ ನೆಲೆ ನಿಂತರೆ ಎರಡನೆಯ ವರ್ಷ ಯಾವ ಪುರಸಭೆಯೂ ಅದೇ ಉತ್ಸಾಹದಿಂದ ಹಣ ಬಿಚ್ಚಲಾರದು.

ಯಾರ್ಕ್‌ಷೈರ್‌ನ ಲೆಕ್ಕಾಚಾರ

ನಮ್ಮ ಓದುಗರಿಗೆ ಹೆಚ್ಚು ಹತ್ತಿರವೆನಿಸುವ ಉದಾಹರಣೆ 2007ರದು. ಆ ವರ್ಷದ ಜೂನ್‌ನಲ್ಲಿ ಸಮಾರಂಭ ನಡೆದದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ. ಶೆಫೀಲ್ಡ್ ಉಕ್ಕಿನ ಊರು. ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಗಿರಣಿಗಳಲ್ಲಿ ದುಡಿಯಲು ಬಂದ ಪಾಕಿಸ್ತಾನ ಹಾಗೂ ಭಾರತ ಮೂಲದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಪ್ರಾಂತ್ಯದ ಹೆಸರನ್ನು ಹೊಸದಾಗಿ ಮಾರುಕಟ್ಟೆಗೆ ತರಬೇಕಾಗಿತ್ತು. ಪ್ರಾದೇಶಿಕ ಅಭಿವೃದ್ಧಿ ಸಂಸ್ಥೆಯಾದ ಯಾರ್ಕ್‌ಷೈರ್ ಫಾರ್ವರ್ಡ್ ಸಮಾರಂಭದ ಬೆಂಬಲಕ್ಕೆ ನಿಂತಿತು. ಪ್ರಶಸ್ತಿ ಪ್ರದಾನವು ಶೆಫೀಲ್ಡ್‌ನಲ್ಲಿ ನಡೆದರೂ ಲೀಡ್ಸ್, ಬ್ರಾಡ್‌ಫರ್ಡ್, ಹಲ್, ಯಾರ್ಕ್ ನಗರಗಳಿಗೂ ಕಾರ್ಯಕ್ರಮಗಳು ಹಂಚಿಕೆಯಾದವು. ಒಂದೇ ಹೋಟೆಲ್ ಸಮುಚ್ಚಯಕ್ಕೆ ಲಾಭ ಸೋರಿಹೋಗದಂತೆ ಐದು ಊರುಗಳ ವರ್ತಕರಿಗೆ ಪಾಲು ಸಿಗುವ ಈ ಏರ್ಪಾಡು ಅನುಕರಣೀಯವೇ ಆಗಿತ್ತು. ಅಭಿವೃದ್ಧಿ ಸಂಸ್ಥೆ ಮಾತ್ರ 2012ರಲ್ಲಿ ಸರ್ಕಾರದ ಧೋರಣೆ ಬದಲಾಗಿ ಮುಚ್ಚಿಹೋಯಿತು.

ಕೆನಡಾದಲ್ಲಿ ಮೊತ್ತವೇ ಚರ್ಚೆಗೆ ಗ್ರಾಸವಾಯಿತು. 2011ರ ಟೊರಾಂಟೊ ಸಮಾರಂಭಕ್ಕೆ ಒಂಟಾರಿಯೋ ಪ್ರಾಂತೀಯ ಸರ್ಕಾರ 1.2 ಕೋಟಿ ಡಾಲರ್ ವಿನಿಯೋಗಿಸಿತು. ಅದೇ ವರ್ಷ ಅಲ್ಲಿ ಚುನಾವಣೆಯೂ ಇದ್ದುದರಿಂದ ಇದು ಪ್ರವಾಸೋದ್ಯಮಕ್ಕೋ ಮತಕ್ಕೋ ಎಂಬ ಪ್ರಶ್ನೆ ಏಳದಿರಲಿಲ್ಲ.

ಮುಂಗಡ ಕೊಟ್ಟ ಮೇಲೆ ಸರಕು ಬಾರದಿದ್ದರೆ? 2010ರಲ್ಲಿ ಕೊಲಂಬೊ ಈ ಸಂಕಟವನ್ನು ಅನುಭವಿಸಿತು. ಅಂತರ್ಯುದ್ಧ ಮುಗಿದು ಒಂದು ವರ್ಷವಷ್ಟೇ ಆಗಿತ್ತು. ದೇಶ ಶಾಂತವಾಗಿದೆ, ಪ್ರವಾಸಿಗರು ಬರಬಹುದೆಂದು ಸಾರುವುದು ಶ್ರೀಲಂಕಾ ಸರ್ಕಾರದ ಇಂಗಿತವಾಗಿತ್ತು. ತಮಿಳರ ಸಾವುನೋವುಗಳ ಹಿನ್ನೆಲೆಯಲ್ಲಿ ದಕ್ಷಿಣ ಭಾರತದ ಚಿತ್ರೋದ್ಯಮ ಸಂಘಟನೆಗಳು ಬಹಿಷ್ಕಾರಕ್ಕೆ ಕರೆಯಿತ್ತವು. ಭಾಗವಹಿಸಿದವರ ಚಿತ್ರಗಳಿಗೆ ದಕ್ಷಿಣದಲ್ಲಿ ತಡೆಯೊಡ್ಡುವ ಎಚ್ಚರಿಕೆಯೂ ಹೊರಟಿತು. ಸಮಾರಂಭ ನಿಲ್ಲಲಿಲ್ಲ. ಆದರೆ ಆರಂಭದಿಂದಲೂ ಐಫಾದ ರಾಯಭಾರಿಯಾಗಿದ್ದ ಅಮಿತಾಭ್ ಬಚ್ಚನ್ ಬರಲಿಲ್ಲ, ಶಾರುಖ್ ಖಾನ್ ಬರಲಿಲ್ಲ. ತಾರೆಯರ ಗೈರುಹಾಜರಿಗೆ ಹೊಣೆ ಯಾರೆಂಬುದನ್ನು ಒಪ್ಪಂದಪತ್ರದಲ್ಲಿ ಮೊದಲೇ ಬರೆದಿಡದ ಆತಿಥೇಯನು ಖಾಲಿ ಪೆಟ್ಟಿಗೆಗೆ ಬೆಲೆ ತೆತ್ತಂತೆಯೇ.

ಸಮಾರಂಭವೋ, ಚಿತ್ರೀಕರಣವೋ?

ಸಿಂಗಪುರ ಈ ವಿಷಯದಲ್ಲಿ ಜಾಣತನ ಮೆರೆಯಿತು. 2004ರಲ್ಲಿ ಸಮಾರಂಭಕ್ಕೆ ಆತಿಥ್ಯ ನೀಡಿದ ಅದೇ ವರ್ಷ, ತನ್ನ ನೆಲದಲ್ಲಿ ಚಿತ್ರೀಕರಣ ನಡೆಸುವ ವಿದೇಶಿ ನಿರ್ಮಾಪಕರಿಗೆ ಅಲ್ಲಿ ಮಾಡಿದ ಅರ್ಹ ವೆಚ್ಚದ ಅರ್ಧದವರೆಗೆ ಸಹಾಯಧನ ಕೊಡುವ ಯೋಜನೆಯನ್ನೂ ಅಲ್ಲಿನ ಪ್ರವಾಸೋದ್ಯಮ ಮಂಡಳಿ ಪ್ರಕಟಿಸಿತು. 2006ರಲ್ಲಿ ತೆರೆಕಂಡ ‘ಕ್ರಿಶ್’ ಚಿತ್ರದ ಗಣನೀಯ ಭಾಗ ಅಲ್ಲಿಯೇ ಚಿತ್ರೀಕರಣಗೊಂಡಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 2012ರಲ್ಲಿ ಸಮಾರಂಭ ಮತ್ತೆ ಸಿಂಗಪುರಕ್ಕೆ ಬಂದಾಗ ಅತ್ಯುತ್ತಮ ಚಿತ್ರವೆನಿಸಿದ್ದು ಸ್ಪೇನ್ ದೇಶದ ಬೀದಿಗಳನ್ನು ತೋರಿಸಿದ ‘ಜಿಂದಗಿ ನ ಮಿಲೇಗಿ ದೋಬಾರಾ’. ವೇದಿಕೆ ಒಬ್ಬರದು, ಜಾಹೀರಾತು ಮತ್ತೊಬ್ಬರದು! ಆ ಚಿತ್ರಕ್ಕೆ ಸ್ಪೇನಿನ ಪ್ರವಾಸೋದ್ಯಮ ಇಲಾಖೆಯ ಸಹಕಾರವಿತ್ತು. 2016ರಲ್ಲಿ ಮ್ಯಾಡ್ರಿಡ್ ತಾನೂ ಐಫಾ ಆತಿಥ್ಯ ವಹಿಸಿತು.

ಸಮಾರಂಭ ಮೂರು ದಿನಗಳ ಸಡಗರ. ಚಿತ್ರೀಕರಣ ವಾರಗಟ್ಟಲೆ ನಡೆಯುವಂಥದು. ಬಡಗಿಗೆ, ವಾಹನದ ಮಾಲೀಕನಿಗೆ, ಊಟ ಒದಗಿಸುವವನಿಗೆ ಪ್ರತಿದಿನ ಬಿಲ್ಲು ಹುಟ್ಟುತ್ತದೆ. ಸಣ್ಣ ವರ್ತಕರ ದೃಷ್ಟಿಯಿಂದ ಎರಡನೆಯದೇ ಮೇಲು.

ಸಮಾರಂಭದ ಜೊತೆಗೆ ಫಿಕ್ಕಿ ಸಂಸ್ಥೆಯ ಸಹಯೋಗದಲ್ಲಿ ವಾಣಿಜ್ಯ ಸಭೆಗಳೂ ನಡೆದಿವೆ. ಇಂಥ ಸಭೆಗಳಲ್ಲಿ ಭಾಷಣ ಕೇಳಿ ಬಂದವರಿಗಿಂತ, ಮುಂಚಿತವಾಗಿ ಪತ್ರ ಬರೆದು ಭೇಟಿಯ ಸಮಯ ಗೊತ್ತುಮಾಡಿಕೊಂಡು ಮಾದರಿ ಸರಕನ್ನು ಕೈಯಲ್ಲಿ ಹಿಡಿದು ಹೋದವರಿಗೆ ಪ್ರಯೋಜನವಾಗುವುದು ಸಹಜ.

ಕನ್ನಡ ಚಿತ್ರರಂಗವೂ ಈ ಹಾದಿಯನ್ನು ತುಳಿದಿದೆ. ದಕ್ಷಿಣದ ನಾಲ್ಕು ಭಾಷೆಗಳಿಗೆ ಮೀಸಲಾದ ‘ಸೈಮಾ’ ಪ್ರಶಸ್ತಿ ಸಮಾರಂಭ 2012ರ ಜೂನ್‌ನಲ್ಲಿ ದುಬೈನಲ್ಲಿ ಆರಂಭವಾಗಿ, ಶಾರ್ಜಾ, ಕೌಲಾಲಂಪುರ, ಸಿಂಗಪುರ, ಅಬುಧಾಬಿ, ದೋಹಾಗಳನ್ನು ಸುತ್ತಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಬಂದಿತು. ವಿದೇಶದಲ್ಲಿ ನಡೆದಾಗ ಶಾಮಿಯಾನ, ಹೂವಿನ ಅಲಂಕಾರ, ಜನರೇಟರ್ ಬಾಡಿಗೆ, ಅಡುಗೆಯ ಗುತ್ತಿಗೆ ಎಲ್ಲವೂ ಅಲ್ಲಿನವರ ಪಾಲು. ಊರಿಗೇ ಬಂದಾಗ ಇವೆಲ್ಲ ನಮ್ಮವರಿಗೆ ದಕ್ಕಬೇಕಾದ ಕೆಲಸಗಳು.

ಐಫಾ ಕೂಡ 2019ರಲ್ಲಿ ಮೊದಲ ಬಾರಿಗೆ ಭಾರತದಲ್ಲಿ, ಮುಂಬಯಿಯಲ್ಲಿ ನಡೆಯಿತು. ಅದಕ್ಕೆ ಮೊದಲು ಕಠ್ಮಂಡುವಿನಲ್ಲಿ ನಡೆಸುವ ಪ್ರಸ್ತಾಪವಿತ್ತು. ಸಾರ್ವಜನಿಕ ಹಣದ ಬಳಕೆಗೆ ನೇಪಾಳದಲ್ಲಿ ವಿರೋಧ ವ್ಯಕ್ತವಾಗಿ ಅದು ಕೈಬಿಟ್ಟುಹೋಯಿತು. 2025ರ ಮಾರ್ಚ್ 8 ಮತ್ತು 9ರಂದು ರಜತ ವರ್ಷದ ಸಮಾರಂಭ ಜೈಪುರದಲ್ಲಿ ಜರುಗಿತು. ಸರ್ಕಾರದ ವೆಚ್ಚದ ಬಗ್ಗೆ ಅಲ್ಲಿಯೂ ವಿರೋಧ ಪಕ್ಷದವರು ಆಕ್ಷೇಪಿಸಿದರು. ರಾಜಸ್ಥಾನದಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಹೇಗೂ ಪ್ರವಾಸಿಗರ ಸುಗ್ಗಿ. ತಾರೆಯರು ಬಾರದಿದ್ದರೂ ತುಂಬುತ್ತಿದ್ದ ಹೋಟೆಲ್ ಕೊಠಡಿಗಳೆಷ್ಟು ಎಂಬುದನ್ನು ಮೊದಲು ಕಳೆದು, ಉಳಿದುದನ್ನಷ್ಟೇ ಜಮೆಯ ಬದಿಗೆ ಬರೆಯಬೇಕಾಗುತ್ತದೆ.