ಬ್ಯಾಟ್‌ಮನ್ ಅಡ್ವಾನ್ಸ್ಡ್ (ಮೆಶ್ ಜಾಲ ತಂತ್ರಾಂಶ)

ಬ್ಯಾಟ್‌ಮನ್ ಅಡ್ವಾನ್ಸ್ಡ್ ಎಂಬುದು ನಿಸ್ತಂತು ಮೆಶ್ ಜಾಲಗಳಲ್ಲಿ ದತ್ತಾಂಶವು ಸಾಗಬೇಕಾದ ದಾರಿಯನ್ನು ನಿರ್ಧರಿಸುವ ಮುಕ್ತ ತಂತ್ರಾಂಶ. ಮೆಶ್ ಜಾಲದಲ್ಲಿ ಪ್ರತಿಯೊಂದು ರೂಟರ್ ತನ್ನ ಬಳಕೆದಾರರಿಗೆ ಸೇವೆ ನೀಡುವುದರೊಂದಿಗೆ ನೆರೆಯ ರೂಟರ್‌ಗಳ ಸಂದೇಶಗಳನ್ನೂ ಮುಂದಕ್ಕೆ ದಾಟಿಸುತ್ತದೆ. ಇಂತಹ ರೂಟರನ್ನು ನೋಡ್ ಎಂದು ಕರೆಯುತ್ತಾರೆ.

ಹಿನ್ನೆಲೆ

ಜರ್ಮನಿಯ ಫ್ರೈಫುಂಕ್ ಸಮುದಾಯ ಜಾಲಗಳಲ್ಲಿ ಮೊದಲು ಓಎಲ್ಎಸ್ಆರ್ ಎಂಬ ಪ್ರೋಟೋಕಾಲ್ ಬಳಕೆಯಲ್ಲಿತ್ತು. ಅದರಲ್ಲಿ ಪ್ರತಿ ನೋಡ್ ಇಡೀ ಜಾಲದ ನಕ್ಷೆಯನ್ನು ಲೆಕ್ಕಹಾಕಬೇಕಾಗಿತ್ತು. ಜಾಲ ಬೆಳೆದಂತೆ ಅಗ್ಗದ ರೂಟರ್‌ಗಳಿಗೆ ಇದು ಹೊರೆಯಾಯಿತು. ಇದಕ್ಕೆ ಪರ್ಯಾಯವಾಗಿ ರೂಪುಗೊಂಡ ಬ್ಯಾಟ್‌ಮನ್‌ನಲ್ಲಿ, ಯಾವ ಗುರಿಗೆ ಯಾವ ನೆರೆಯ ನೋಡ್ ಮೂಲಕ ಹೋಗಬೇಕೆಂಬುದನ್ನಷ್ಟೇ ಪ್ರತಿ ನೋಡ್ ತಿಳಿದಿರುತ್ತದೆ. 2011ರಲ್ಲಿ ಬಿಡುಗಡೆಯಾದ ಲಿನಕ್ಸ್ 2.6.38 ಕರ್ನೆಲ್‌ನಲ್ಲಿ ಇದರ 'ಅಡ್ವಾನ್ಸ್ಡ್' ರೂಪವು ಸೇರ್ಪಡೆಯಾಯಿತು.

ತಿಳಿದಿರುವ ತೊಡಕುಗಳು ಮತ್ತು ಪರಿಹಾರಗಳು

ಪ್ಯಾಕೆಟ್ ಗಾತ್ರ: ಈಥರ್ನೆಟ್ ಪ್ಯಾಕೆಟ್ಟಿನ ಸಾಮಾನ್ಯ ಮಿತಿ 1500 ಬೈಟ್. ಬ್ಯಾಟ್‌ಮನ್ ಅದಕ್ಕೆ ತನ್ನ ತಲೆಬರಹವನ್ನು ಸೇರಿಸುವುದರಿಂದ ಗಾತ್ರವು ಮಿತಿಯನ್ನು ಮೀರುತ್ತದೆ. ಆಗ ಪ್ಯಾಕೆಟ್ಟನ್ನು ತುಂಡರಿಸಿ ಕಳುಹಿಸಬೇಕಾಗಿ ವೇಗ ಕುಗ್ಗುತ್ತದೆ. ತುಂಡರಿಸುವ ಸೌಲಭ್ಯವನ್ನು ನಿಲ್ಲಿಸಿದ್ದರೆ ದೊಡ್ಡ ಪ್ಯಾಕೆಟ್‌ಗಳು ತಲುಪುವುದೇ ಇಲ್ಲ. ಸಣ್ಣ ಸಂದೇಶಗಳು ಮಾತ್ರ ತಲುಪುತ್ತಿರುವುದರಿಂದ ದೋಷವನ್ನು ಗುರುತಿಸುವುದು ಕಷ್ಟ. ನೋಡ್‌ಗಳ ನಡುವಿನ ಸಂಪರ್ಕದ ಮಿತಿಯನ್ನು 1532 ಬೈಟ್‌ಗೆ ಏರಿಸುವುದು ಇದಕ್ಕೆ ಪರಿಹಾರ.

ಎರಡು ಮಾರ್ಗಸೂಚಿಗಳ ಘರ್ಷಣೆ: 802.11ಎಸ್ ಮಾನಕಕ್ಕೆ ತನ್ನದೇ ಆದ ದಾರಿ ಹುಡುಕುವ ವ್ಯವಸ್ಥೆಯಿದೆ. ಅದರ ಮೇಲೆ ಬ್ಯಾಟ್‌ಮನ್ ನಡೆಸಿದರೆ ಒಂದೇ ಕೆಲಸವನ್ನು ಇಬ್ಬರು ಮಾಡಿದಂತಾಗುತ್ತದೆ. ಆದುದರಿಂದ 802.11ಎಸ್‌ನ ಮುಂದಕ್ಕೆ ಸಾಗಿಸುವ ಸೌಲಭ್ಯವನ್ನು ನಿಲ್ಲಿಸಬೇಕು.

ಸುತ್ತುವ ಸಂದೇಶಗಳು: ಎರಡು ನೋಡ್‌ಗಳು ಒಂದೇ ತಂತಿ ಜಾಲಕ್ಕೂ ಜೋಡಣೆಯಾಗಿದ್ದರೆ, ಎಲ್ಲರಿಗೂ ಕಳುಹಿಸಿದ ಸಂದೇಶವು ತಂತಿ ಮತ್ತು ನಿಸ್ತಂತು ಮಾರ್ಗಗಳ ನಡುವೆ ಸುತ್ತುತ್ತಲೇ ಇದ್ದು ಜಾಲವನ್ನು ಸ್ತಬ್ಧಗೊಳಿಸಬಹುದು. ಇದನ್ನು ತಡೆಯುವ ಸೌಲಭ್ಯವು ತಂತ್ರಾಂಶದಲ್ಲಿಯೇ ಇದ್ದು, ಅದು ಚಾಲನೆಯಲ್ಲಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಆವೃತ್ತಿಗಳ ಹೊಂದಾಣಿಕೆ: 2014.0.0 ಆವೃತ್ತಿಯಲ್ಲಿ ಹೊಂದಾಣಿಕೆಯ ಸಂಖ್ಯೆಯು 14ರಿಂದ 15ಕ್ಕೆ ಬದಲಾಯಿತು. ಈ ಎರಡು ಸಂಖ್ಯೆಗಳ ನೋಡ್‌ಗಳು ಪರಸ್ಪರ ಸಂವಹನ ನಡೆಸಲಾರವು. ನಡುವಿನ ನೋಡನ್ನು ಮೊದಲು ನವೀಕರಿಸಿದರೆ ಅದರಾಚೆಗಿನ ನೋಡ್‌ಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತವೆ. ಅವು ಮಾಳಿಗೆ ಅಥವಾ ಗೋಪುರಗಳ ಮೇಲಿದ್ದರೆ ಪ್ರತಿಯೊಂದನ್ನೂ ಹತ್ತಿ ಸರಿಪಡಿಸಬೇಕಾಗುತ್ತದೆ. ಆದುದರಿಂದ ಇಂತಹ ನವೀಕರಣವನ್ನು ಅತ್ಯಂತ ದೂರದ ನೋಡ್‌ನಿಂದ ಆರಂಭಿಸಿ, ಅಂತರಜಾಲಕ್ಕೆ ಸೇರುವ ನೋಡ್‌ನಲ್ಲಿ ಮುಗಿಸುವುದು ಕ್ಷೇಮಕರ.

ದಾರಿಯ ಆಯ್ಕೆ: ನಾಲ್ಕನೆಯ ಬ್ಯಾಟ್‌ಮನ್ ಕ್ರಮವು ಎಷ್ಟು ಪ್ಯಾಕೆಟ್‌ಗಳು ಕಳೆದುಹೋದವು ಎಂಬುದರ ಆಧಾರದಲ್ಲಿ ದಾರಿಯನ್ನು ಅಳೆಯುತ್ತದೆ. ಇದರಿಂದ ವೇಗದ ಸಂಪರ್ಕವನ್ನು ಬಿಟ್ಟು ನಿಧಾನವಾದ ಸಂಪರ್ಕವನ್ನು ಆಯ್ದುಕೊಳ್ಳುವ ಸಾಧ್ಯತೆಯಿದೆ. ಐದನೆಯ ಕ್ರಮವು ವೇಗವನ್ನೇ ಅಳೆಯುತ್ತದೆ. ಆದರೆ ಒಂದೇ ಜಾಲದಲ್ಲಿ ಇವೆರಡನ್ನೂ ಬೆರೆಸುವಂತಿಲ್ಲ.

ದೋಷ ಪತ್ತೆ: ಸಾಮಾನ್ಯ ಟ್ರೇಸ್‌ರೂಟ್ ಆದೇಶಕ್ಕೆ ಇಡೀ ಮೆಶ್ ಜಾಲವು ಒಂದೇ ಸ್ವಿಚ್ಚಿನಂತೆ ತೋರುವುದರಿಂದ ನಡುವಿನ ನೋಡ್‌ಗಳು ಕಾಣುವುದಿಲ್ಲ. ಇದಕ್ಕಾಗಿ ಬ್ಯಾಟ್‌ಸಿಟಿಎಲ್ ಎಂಬ ಪ್ರತ್ಯೇಕ ಸಾಧನವನ್ನು ಬಳಸಬೇಕು.

ತಂತ್ರಾಂಶಕ್ಕೆ ಮೀರಿದ ಮಿತಿಗಳು

ಒಂದೇ ರೇಡಿಯೋ ಉಳ್ಳ ನೋಡ್ ಏಕಕಾಲಕ್ಕೆ ಕೇಳಿ ಹೇಳಲಾರದು. ಆದುದರಿಂದ ಸಂದೇಶವು ನೋಡ್‌ನಿಂದ ನೋಡ್‌ಗೆ ಜಿಗಿದಂತೆ ಲಭ್ಯ ವೇಗವು ಇಳಿಯುತ್ತದೆ. ಎರಡು ರೇಡಿಯೋಗಳ ರೂಟರ್ ಅಥವಾ ಮುಖ್ಯ ನೋಡ್‌ಗಳ ನಡುವೆ ತಂತಿ ಸಂಪರ್ಕ ಇದಕ್ಕೆ ಉಪಾಯ. ಬ್ಯಾಟ್‌ಮನ್ ತಾನಾಗಿ ದತ್ತಾಂಶವನ್ನು ಗೂಢಲಿಪೀಕರಿಸುವುದಿಲ್ಲ; ಆ ರಕ್ಷಣೆಯನ್ನು ಅದರ ಕೆಳಗಿನ ನಿಸ್ತಂತು ಸಂಪರ್ಕದಲ್ಲಿ ಪ್ರತ್ಯೇಕವಾಗಿ ಏರ್ಪಡಿಸಬೇಕು.